ತರಕಾರಿ ದಾಟಿ ಊಟಕ್ಕೆ: ವಾಲ್ಥಮ್‌ನ ಒಂದು ಗ್ವಾಟೆಮಾಲಾ ಅಡುಗೆಮನೆಯ ಪ್ರಕರಣ

2018ರ ಗಣೇಶ ಚೌತಿಯ ಹಿಂದಿನ ಸಂಜೆ ಅಮೆರಿಕದ ವಾಲ್ಥಮ್‌ನಲ್ಲಿ ನಾವು ಯಾವಾಗಲೂ ಹೋಗುವ ಇಂಡಿಯನ್ ಅಂಗಡಿಯಲ್ಲಿ ಬಾಳೆ ಎಲೆ ಖಾಲಿ. ಕೌಂಟರಿನ ಹುಡುಗ ಕೈ ತೋರಿಸಿದ: ಎರಡು ಬೀದಿ ಆಚೆ ಗ್ವಾಟೆಮಾಲಾದವರ ಅಂಗಡಿಯಿದೆ, ಅವರ ಫ್ರೀಜರಿನಲ್ಲಿ ವರ್ಷವಿಡೀ ಇರುತ್ತದೆ. ಹೋದೆ. ಎಲೆ ಸಿಗುವ ಮೊದಲೇ ಎಳ್ಳು ಹುರಿಯುವ ವಾಸನೆ ಮೂಗಿಗೆ ಬಡಿಯಿತು. ಧಾರವಾಡದ ಮನೆಯಲ್ಲಿ ಎಣ್ಣೆಗಾಯಿ ಬದನೆಗೆ ಮಸಾಲೆ ಹುರಿದಾಗ ಬರುವಂಥದ್ದೇ. ಆದರೆ ಅವ್ವ ಬಾಣಲೆ ಇಳಿಸಿಬಿಡುತ್ತಿದ್ದ ಹದ ದಾಟಿದ ಮೇಲೂ ಇಲ್ಲಿ ಹುರಿಯುತ್ತಲೇ ಇದ್ದರು, ಸೀದೇ ಹೋಯಿತೇನೋ ಅನ್ನುವಷ್ಟು. ವಾಸನೆ ಹಿಡಿದು ಈರುಳ್ಳಿ ಮೂಟೆ, ಸಾಬೂನಿನ ಕಪಾಟು, ಮಾಂಸದ ಕೌಂಟರು ದಾಟಿದರೆ ಕೊನೆಯಲ್ಲಿ ನಾಲ್ಕು ಮೇಜು, ಒಂದು ಗಾಜಿನ ಕಟ್ಟೆ. ಅದರ ಹಿಂದೆ ಚಪ್ಪಾಳೆ ತಟ್ಟಿದ ಹಾಗೆ ಎರಡು ಅಂಗೈ ನಡುವೆ ರೊಟ್ಟಿ ಬಡಿಯುತ್ತಿದ್ದ ಹೆಂಗಸು. ಬಾಳೆ ಎಲೆ ಮನೆಗೆ ತಲುಪುವುದು ಆವತ್ತು ಒಂದು ಗಂಟೆ ತಡವಾಯಿತು.

ಆಮೇಲೆ ಅಲ್ಲಿ ವಾರಕ್ಕೊಮ್ಮೆಯಾದರೂ ಉಂಡಿದ್ದೇನೆ. ಮಾಲೀಕರ ಬಿಲ್ಲಿಂಗ್ ಕಂಪ್ಯೂಟರು ಕೈಕೊಟ್ಟಾಗ ಸರಿಮಾಡಿಕೊಟ್ಟ ನೆಪದಲ್ಲಿ ಯಾವುದು ಯಾವಾಗ ಹೋಗುತ್ತದೆ ಎಂಬ ಲೆಕ್ಕವೂ ಕಣ್ಣಿಗೆ ಬಿದ್ದಿದೆ. ಅಂಕಿಗಳನ್ನಾಗಲಿ ಅಂಗಡಿಯ ಹೆಸರನ್ನಾಗಲಿ ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಬೀದಿಗೆ ಬೋರ್ಡಿಲ್ಲದ, ಮೆನು ಅಚ್ಚು ಹಾಕಿಸದ, ನಾಲ್ಕೇ ಮೇಜಿನ ಈ ಅಡುಗೆಮನೆ ಹೇಗೆ ನಿಂತಿದೆ, ಅದನ್ನು ಸುಧಾರಿಸಲು ಹೊರಟಾಗಲೆಲ್ಲ ಯಾಕೆ ಮುಗ್ಗರಿಸಿತು ಎನ್ನುವಷ್ಟನ್ನೇ ಇಲ್ಲಿ ನೋಡುತ್ತೇನೆ.

ವಾಲ್ಥಮ್ ಇರುವುದು ಬಾಸ್ಟನ್ನಿನಿಂದ ಪಶ್ಚಿಮಕ್ಕೆ ಸುಮಾರು ಹತ್ತು ಮೈಲಿ ದೂರದಲ್ಲಿ, ಚಾರ್ಲ್ಸ್ ನದಿಯ ಎರಡೂ ದಡದಲ್ಲಿ. 1814ರಲ್ಲಿ ನೂಲುವುದನ್ನೂ ನೇಯುವುದನ್ನೂ ಒಂದೇ ಸೂರಿನಡಿ ತಂದ ಹತ್ತಿ ಗಿರಣಿ ಇಲ್ಲಿನದು. ಆಮೇಲೆ ಗಡಿಯಾರದ ಕಾರ್ಖಾನೆ ಬಂತು, ಅದೂ ಮುಚ್ಚಿತು. ಗಿರಣಿ ಕೆಲಸಗಾರರು ಇದ್ದ ಮರದ ಮನೆಗಳಲ್ಲಿ ಈಗ ಗ್ವಾಟೆಮಾಲಾದವರು, ಉಗಾಂಡಾದವರು, ನಮ್ಮವರು. 128ನೇ ಹೆದ್ದಾರಿಯ ಪಕ್ಕದ ಗಾಜಿನ ಕಟ್ಟಡಗಳಲ್ಲಿ ಹಗಲು ನಾವು ಕೂರುತ್ತೇವೆ, ರಾತ್ರಿ ಅವನ್ನು ಗುಡಿಸಿ ಒರೆಸುವವರು ಈ ಅಂಗಡಿಯ ಗಿರಾಕಿಗಳು. ಹುಲ್ಲು ಕತ್ತರಿಸುವವರು, ಚಳಿಗಾಲದಲ್ಲಿ ಹಿಮ ಬಾಚುವವರು, ಹೋಟೆಲುಗಳ ಹಿಂದೆ ಪಾತ್ರೆ ತೊಳೆಯುವವರು ಕೂಡ. ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ 1960ರಿಂದ 1996ರವರೆಗೆ ಒಳಯುದ್ಧ ನಡೆಯಿತು. ಸತ್ತವರು, ಕಾಣೆಯಾದವರು ಸೇರಿ ಸುಮಾರು ಎರಡು ಲಕ್ಷ, ಅವರಲ್ಲಿ ಬಹುಪಾಲು ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನ. ಆಗ ಶುರುವಾದ ವಲಸೆ ಬಡತನದ ಕಾರಣಕ್ಕೆ ಮುಂದುವರಿದಿದೆ. 2023ರಲ್ಲಿ ಹೊರದೇಶದಲ್ಲಿರುವವರು ಊರಿಗೆ ಕಳಿಸಿದ ಹಣ ಸುಮಾರು 1,980 ಕೋಟಿ ಡಾಲರ್, ದೇಶದ ಒಟ್ಟು ಉತ್ಪನ್ನದ ಐದನೇ ಒಂದು ಪಾಲಿನ ಆಸುಪಾಸು. ಆ ಹಣದಲ್ಲಿ ಒಂದು ಸಣ್ಣ ಹನಿ ಈ ಅಂಗಡಿಯ ಮುಂಬಾಗಿಲ ಬಳಿಯ ಹಣ ಕಳಿಸುವ ಕಿಟಕಿಯಿಂದಲೂ ಹೋಗುತ್ತದೆ. ಶುಕ್ರವಾರ ಸಂಜೆ ಅಲ್ಲಿ ಸಾಲು ಬಾಗಿಲಾಚೆಗೂ ಬೆಳೆಯುತ್ತದೆ. ಈ ಶುಕ್ರವಾರದ ಮಾತು ಮುಂದೆ ಮತ್ತೆ ಬರುತ್ತದೆ.

ಕಪಾಟುಗಳಲ್ಲಿ ನನಗೆ ಅರ್ಧ ಗೊತ್ತಿದ್ದವು, ಅರ್ಧ ಗೊತ್ತಿಲ್ಲದವು. ಗುಯಿಸ್ಕಿಲ್ ಎಂದು ಬರೆದ ಬುಟ್ಟಿಯಲ್ಲಿದ್ದದ್ದು ನಮ್ಮ ಸೀಮೆಬದನೆಕಾಯಿ. ‘ಸೀಮೆ’ ಎಂದರೆ ಯಾವ ಸೀಮೆ ಎಂದು ಬೆಂಗಳೂರಿನಲ್ಲಿದ್ದಾಗ ಯಾರೂ ಕೇಳಿಕೊಂಡಿರಲಿಲ್ಲ, ಇದೇ ಸೀಮೆ. ಡಬ್ಬಿಯಲ್ಲಿ ಕಪ್ಪು ಬೀನ್ಸ್, ಸೀಸೆಯಲ್ಲಿ ಲೊರೋಕೊ ಎಂಬ ಬಳ್ಳಿಯ ಮೊಗ್ಗು, ಕಾಫಿಗೆ ಅದ್ದಿ ತಿನ್ನುವ ಚಂಪುರ‍್ರಾದಾ ಬಿಸ್ಕತ್ತು. ಮಕ್ಕಳ ಅಪೌಷ್ಟಿಕತೆಗೆ ಪರಿಹಾರವಾಗಿ 1950ರ ದಶಕದಲ್ಲಿ ಗ್ವಾಟೆಮಾಲಾದಲ್ಲೇ ರೂಪಿಸಿದ ಇನ್ಕಪರೀನಾ ಹಿಟ್ಟು. ಅದರ ಗಂಜಿ ಕುಡಿದು ಬೆಳೆದವರು ಈಗ ಇಲ್ಲಿ ತಮ್ಮ ಮಕ್ಕಳಿಗೆ ಕೊಳ್ಳುತ್ತಾರೆ. ಗಲ್ಲಾದ ಮೇಲೊಂದು ಕೈಬರಹದ ಬೋರ್ಡು. ಅರ್ಥ ಕೇಳಿದೆ. ‘ಇವತ್ತು ಉದ್ರಿ ಇಲ್ಲ, ನಾಳೆ ಇದೆ.’ ನಮ್ಮ ಕಿರಾಣಿ ಅಂಗಡಿಗಳ ‘ಇಂದು ನಗದು, ನಾಳೆ ಉದ್ರಿ’ ಸ್ಪ್ಯಾನಿಷ್ ಕಲಿತು ಇಲ್ಲಿಗೆ ಬಂದು ಕೂತ ಹಾಗಿತ್ತು.

ಅಡುಗೆಯವರನ್ನು ಎಲ್ಲರೂ ಕರೆಯುವುದು ‘ಸೆನ್ಯೊ’ ಎಂದು. ಗ್ವಾಟೆಮಾಲಾದಲ್ಲಿ ಟೀಚರಿಗೂ ಅಂಗಡಿಯಾಕೆಗೂ ದೊಡ್ಡ ಹೆಂಗಸರಿಗೂ ಒಪ್ಪುವ ಮಾತದು. ನಮ್ಮ ‘ಅಕ್ಕಾರ’ ಇದ್ದ ಹಾಗೆ. ಅಡುಗೆಮನೆ ಆಗುವುದಕ್ಕೆ ಮೊದಲು ಅವರು ಶನಿವಾರ ಸಂಜೆ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮನೆಯಲ್ಲೇ ಮಾಡಿದ ತಮಾಲ್ ತರುತ್ತಿದ್ದರಂತೆ. ಗೋವಿನಜೋಳದ ಹಿಟ್ಟಿಗೆ ಕೊಬ್ಬು ಕಲಸಿ, ಕೆಂಪು ಮಸಾಲೆ ಹಾಕಿ, ನಡುವೆ ಮಾಂಸದ ತುಂಡಿಟ್ಟು, ಬಾಳೆ ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿದ್ದು. ಅವರ ನಾಡಿನಲ್ಲಿ ಶನಿವಾರ ತಮಾಲಿನ ದಿನ. ಮಾರಾಟಕ್ಕಿದ್ದರೆ ಮನೆಮುಂದೆ ಕೆಂಪು ದೀಪ ಹಚ್ಚುತ್ತಾರೆ. ಇಲ್ಲಿ ದೀಪವಿರಲಿಲ್ಲ, ಬಾಯಿಮಾತಿನಲ್ಲೇ ಸುದ್ದಿ ಹರಡಿ ಪೆಟ್ಟಿಗೆ ಅರ್ಧ ತಾಸಿನಲ್ಲಿ ಖಾಲಿ.

ಮಾಲೀಕರಿಗೆ ಇದು ಕಾನೂನಿಗೆ ಹೊಂದುವುದಿಲ್ಲವೆಂದು ಇನ್ನೊಬ್ಬ ಅಂಗಡಿಕಾರರಿಂದ ಗೊತ್ತಾಯಿತು. ಮ್ಯಾಸಚೂಸೆಟ್ಸ್‌ನಲ್ಲಿ ಮನೆ ಅಡುಗೆಮನೆಯಿಂದ ಬಿಸ್ಕತ್ತು, ಜಾಮಿನಂಥ ಬೇಗ ಕೆಡದ ತಿಂಡಿ ಮಾರಲು ಪರವಾನಗಿ ಸಿಗುತ್ತದೆ. ಮಾಂಸದ ತಮಾಲಿಗೆ ಸಿಗುವುದಿಲ್ಲ. ಬಿಸಿ ಅಡುಗೆಯನ್ನು 57 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣನೆಯದನ್ನು 5 ಡಿಗ್ರಿಗಿಂತ ಕೆಳಗೆ ಇಡಬೇಕು. ನಡುವಿನ ಬಿಸಿಯಲ್ಲಿ ರೋಗಾಣು ಬೆಳೆಯುತ್ತದೆ. ಥರ್ಮಾಕೋಲ್ ಪೆಟ್ಟಿಗೆ ಆ ನಡುವಿನ ಬಿಸಿಯಲ್ಲೇ ಇರುತ್ತದೆ. ನಿಯಮ ತಪ್ಪೆಂದು ನಾನು ಹೇಳಲಾರೆ. ಎರಡು ದಾರಿಯಿತ್ತು: ಪೆಟ್ಟಿಗೆ ನಿಲ್ಲಿಸುವುದು, ಇಲ್ಲವೇ ಹಿಂದಿನ ಗೋದಾಮು ತೆರವು ಮಾಡಿ ಪರವಾನಗಿಯ ಅಡುಗೆಮನೆ ಕಟ್ಟುವುದು. ಒಲೆಗಳ ಮೇಲೆ ಹೊಗೆ ಎಳೆಯುವ ಹುಡ್ಡು, ಬೆಂಕಿ ಆರಿಸುವ ವ್ಯವಸ್ಥೆ, ಮೂರು ಗುಂಡಿಯ ಸಿಂಕು, ಕೈ ತೊಳೆಯಲು ಬೇರೆಯೇ ಸಿಂಕು, ಆಹಾರ ಸುರಕ್ಷತೆಯ ಪರೀಕ್ಷೆ ಪಾಸಾದ ಒಬ್ಬರು. ಮಾಲೀಕರು ಮುಚ್ಚಿಹೋದ ಒಂದು ಪಿಜ್ಜಾ ಅಂಗಡಿಯ ಸಾಮಾನು ಕೊಂಡರು. ಪರೀಕ್ಷೆಗೆ ಸೆನ್ಯೊ ಕೂತರು. ಅವರ ತಾಯಿಮಾತು ಕೆಕ್ಚಿ ಎಂಬ ಮಾಯಾ ಭಾಷೆ, ಸ್ಪ್ಯಾನಿಷ್ ಎರಡನೆಯದು. ಸ್ಪ್ಯಾನಿಷಿನಲ್ಲೇ ಬರೆದು, ಎರಡನೇ ಸಲಕ್ಕೆ ಪಾಸಾದರು. ಪ್ರಮಾಣಪತ್ರ ಕಟ್ಟೆಯ ಮೇಲೆ ಗ್ವಾದಲೂಪೆ ಮಾತೆಯ (ಮೇರಿಮಾತೆಯ) ಪಟದ ಪಕ್ಕ ನೇತಾಡುತ್ತಿದೆ.

ಒಂದು ತಮಾಲಿನ ಲಾಭದಿಂದ ಅಷ್ಟು ಖರ್ಚು ಯಾವ ಕಾಲಕ್ಕೆ ಮರಳೀತು? ನಾನು ಕೇಳಿದ್ದಕ್ಕೆ ಮಾಲೀಕರು ನಕ್ಕರು. ಅವರು ನೋಡಿದ್ದು ತಮಾಲಿನ ಲೆಕ್ಕವನ್ನಲ್ಲ. ತಮಾಲ್ ಒಯ್ಯಲು ಬಂದವನು ಜೊತೆಗೆ ಏನೇನು ಒಯ್ಯುತ್ತಿದ್ದ ಎಂಬುದನ್ನು. ಕೆನೆ, ಚೀಸ್, ಬೀನ್ಸ್, ಫೋನಿನ ರೀಚಾರ್ಜು, ಅಮ್ಮನಿಗೆ ಕಳಿಸುವ ಹಣ. ಶನಿವಾರದ ಒಂದು ಪೆಟ್ಟಿಗೆ ಅಂಗಡಿಯ ಇಡೀ ಶನಿವಾರವನ್ನು ಎಳೆದುಕೊಂಡು ಹೋಗುತ್ತಿತ್ತು.

ಅಡುಗೆಮನೆ ಬಂದ ಮೇಲೆ ಎಳೆತ ಎರಡೂ ದಿಕ್ಕಿಗೆ ಆಯಿತು. ತರಕಾರಿ ಅಂಗಡಿಯ ದೊಡ್ಡ ನಷ್ಟ ಕೊಳೆಯುವುದರಲ್ಲಿ. ಇಲ್ಲಿ ಮೆತ್ತಗಾದ ಟೊಮೆಟೊ ಬುಟ್ಟಿಯಿಂದ ಹಂಚಿಗೆ ಹೋಗುತ್ತದೆ. ಸುಟ್ಟ ಟೊಮೆಟೊಗೆ ಮೆತ್ತಗಾದದ್ದೇ ವಾಸಿ. ಸಿಪ್ಪೆ ಕಪ್ಪಾದ ದೊಡ್ಡ ಬಾಳೆಹಣ್ಣನ್ನು ಯಾರೂ ಕೊಳ್ಳುವುದಿಲ್ಲ, ಆದರೆ ರೆಯೆನೀತೊ ಆಗುವುದು ಅದೊಂದೇ: ಬೇಯಿಸಿ ಮಿದ್ದು, ಒಳಗೆ ಸಿಹಿ ಹಾಕಿ ಅರೆದ ಕಪ್ಪು ಬೀನ್ಸ್ ತುಂಬಿ, ಕರಿದು ಸಕ್ಕರೆ ಉದುರಿಸುವುದು. ಹೂರಣದ ಕರಿಗಡಬಿನ ದೂರದ ದಾಯಾದಿ. ಮಾಂಸದ ಕೌಂಟರಿನ ಮೂಳೆ ಸಾರಿಗೆ. ಕಸದ ಡಬ್ಬಿ ಅಂಗಡಿಗೆ ಹೋಲಿಸಿದರೆ ತೀರ ಚಿಕ್ಕದು. ನನ್ನ ಮಟ್ಟಿಗೆ ಈ ಪ್ರಕರಣದ ಬಲವಾದ ಸಾಕ್ಷಿ ಅದೇ. (ಸಸ್ಯಾಹಾರಿಗಳಿಗೊಂದು ಮಾತು: ಕಪ್ಪು ಬೀನ್ಸ್ ನೋಡಿ ಮರುಳಾಗಬೇಡಿ, ಹಲವು ಕಡೆ ಹಂದಿ ಕೊಬ್ಬಿನ ಒಗ್ಗರಣೆ ಇರುತ್ತದೆ. ನನ್ನ ಹೆಂಡತಿಗಾಗಿ ಸೆನ್ಯೊ ಬೇರೆ ಬಾಣಲೆ ಇಟ್ಟಿದ್ದಾರೆ. ಕೇಳಿದರೆ ಇಡುತ್ತಾರೆ, ಕೇಳದಿದ್ದರೆ ಇಲ್ಲ.)

ಮೆನು ಇಲ್ಲ ಎಂದೆನಲ್ಲ, ಮೆನು ಕ್ಯಾಲೆಂಡರಿನಲ್ಲಿದೆ. ಗುರುವಾರ ಪಾಚೆ, ಅಂದರೆ ಗೋವಿನಜೋಳದ ಬದಲು ಆಲೂಗಡ್ಡೆಯಲ್ಲಿ ಮಾಡಿದ ತಮಾಲ್. ಅದು ಪಶ್ಚಿಮದ ಬೆಟ್ಟಸೀಮೆಯ ಕೆತ್ಸಾಲ್ತೆನಾಂಗೊದವರ ಹಕ್ಕು, ಬುಧವಾರ ಮಾಡಿದರೆ ಅವರು ಮುಖ ಗಂಟಿಕ್ಕುತ್ತಾರೆ. ಶನಿವಾರ ಕೆಂಪು ತಮಾಲ್, ಈಗ ಹಿಂಬದಿಯಲ್ಲೊಂದು ಕೆಂಪು ಬಲ್ಬೂ ಇದೆ. ನವೆಂಬರಿನಲ್ಲಿ ಅಮೆರಿಕದವರ ಹಬ್ಬಕ್ಕೆಂದು ಟರ್ಕಿ ಕೋಳಿ ಅಗ್ಗವಾದಾಗ ಕಾಕಿಕ್: ಸೆನ್ಯೊ ಅವರ ಆಲ್ತಾ ವೆರಾಪಾಸ್ ಸೀಮೆಯ ಕೆಂಪು ಸಾರು, ಪುದೀನ, ಕೊತ್ತಂಬರಿ, ಹೊಗೆಯಾಡಿಸಿದ ಮೆಣಸಿನಕಾಯಿ ಹಾಕಿದ್ದು. ಕ್ರಿಸ್‌ಮಸ್ಸಿಗೆ ಮತ್ತೆ ತಮಾಲ್, ಮಧ್ಯರಾತ್ರಿ ಬಿಚ್ಚಿ ತಿನ್ನುವುದಕ್ಕೆ. ನವೆಂಬರ್ 1ಕ್ಕೆ ಫಿಯಾಂಬ್ರೆ. ಸತ್ತವರನ್ನು ನೆನೆಯುವ ದಿನದ ಆ ತಣ್ಣನೆಯ ಊಟಕ್ಕೆ ಹತ್ತಾರು ಬಗೆಯ ತರಕಾರಿ, ಮಾಂಸ, ಚೀಸ್, ಉಪ್ಪಿನಕಾಯಿ ಬೀಳುತ್ತವೆ. ನಮ್ಮ ರಾಜ್ಯೋತ್ಸವದ ಸಂಜೆ ಕನ್ನಡ ಕೂಟದ ಬಿಸಿಬೇಳೆಭಾತು ಮುಗಿಸಿ ನಾನು ಅಲ್ಲಿ ಇನ್ನೊಂದು ಸುತ್ತು ತಿಂದದ್ದುಂಟು.

ಮಿಕ್ಕ ದಿನಗಳ ರಾಜ ಪೆಪಿಯಾನ್. 2007ರಲ್ಲಿ ಗ್ವಾಟೆಮಾಲಾ ಸರ್ಕಾರ ರಾಷ್ಟ್ರದ ಸಾಂಸ್ಕೃತಿಕ ಪರಂಪರೆ ಎಂದು ಸಾರಿದ ಅಡುಗೆಗಳಲ್ಲಿ ಕಾಕಿಕ್ ಜೊತೆ ಇದೂ ಇದೆ. ಮೊದಲ ದಿನ ಮೂಗಿಗೆ ಬಡಿದದ್ದು ಇದರ ಮಸಾಲೆ, ಅವರ ಮಾತಿನಲ್ಲಿ ರೆಕಾದೊ. ಕುಂಬಳದ ಬೀಜ, ಎಳ್ಳು, ಟೊಮೆಟೊ, ಮಿಲ್ತೊಮಾತೆ ಎಂಬ ಹುಳಿಹಸಿರು ಕಾಯಿ, ಗ್ವಾಕೆ, ಪಾಸಾ ಎಂಬ ಎರಡು ಒಣಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಚೂರು ದಾಲ್ಚಿನ್ನಿ. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಒಣ ಹಂಚಿನ ಮೇಲೆ ಕಪ್ಪು ಚುಕ್ಕೆ ಏಳುವವರೆಗೆ ಹುರಿಯಬೇಕು. ಗಟ್ಟಿಯಾಗಲು ಒಂದು ಹಳೆಯ ರೊಟ್ಟಿಯನ್ನೂ ಸುಟ್ಟು ಅರೆಯುತ್ತಾರೆ. ಮೆಣಸಿನಕಾಯಿ ಹೆಚ್ಚೇ ಬೀಳುತ್ತದೆ, ಆದರೆ ಖಾರ ಕಮ್ಮಿ. ಅದಿರುವುದು ಬಣ್ಣಕ್ಕೆ, ಆಳಕ್ಕೆ. ಧಾರವಾಡದ ನಾಲಿಗೆಗೆ ಮೊದಲ ತುತ್ತು ಸಪ್ಪೆ ಎನಿಸಿತು. ಮೂರನೆಯ ತುತ್ತಿಗೆ, ಖಾರದ ಅಬ್ಬರದಲ್ಲಿ ನಾವು ಕಳೆದುಕೊಳ್ಳುವುದು ಏನೆಂದು ತಿಳಿಯಿತು. ಕೋಳಿ, ಆಲೂಗಡ್ಡೆ, ಸೀಮೆಬದನೆ, ಪಕ್ಕದಲ್ಲಿ ಅನ್ನ. ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಬಿಸಿ ತೊರ್ತಿಯಾ.

ತೊರ್ತಿಯಾ ಎಂದರೆ ನಮ್ಮವರಿಗೆ ನೆನಪಾಗುವುದು ಮೆಕ್ಸಿಕನ್ ಹೋಟೆಲಿನ ತೆಳ್ಳನೆಯ ಅಗಲ ಹಾಳೆ. ಗ್ವಾಟೆಮಾಲಾದ್ದು ಅಂಗೈಯಗಲ, ದಪ್ಪ, ಏನನ್ನೂ ಸುತ್ತಲು ಬರುವುದಿಲ್ಲ. ಮುರಿದು ಅದ್ದಿ ತಿನ್ನಬೇಕು. ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರಾತ್ರಿ ನೆನೆಯಿಟ್ಟರೆ ಹೊರಸಿಪ್ಪೆ ಬಿಡುತ್ತದೆ, ತೊಳೆದು ರುಬ್ಬಿದರೆ ಅಂಟುಳ್ಳ ಹಿಟ್ಟಾಗುತ್ತದೆ. ಸುಣ್ಣದಿಂದ ಕಾಳಿನೊಳಗೆ ಬಿಗಿದುಕೊಂಡ ನಯಾಸಿನ್ ಜೀವಸತ್ವವೂ ಬಿಡುಗಡೆಯಾಗುತ್ತದೆ. ಗೋವಿನಜೋಳವನ್ನು ಅಮೆರಿಕದಿಂದ ಒಯ್ದ ಯುರೋಪಿನವರು ಸುಣ್ಣದ ಉಪಾಯ ಒಯ್ಯಲಿಲ್ಲ. ಜೋಳವನ್ನೇ ನೆಚ್ಚಿದ ಅಲ್ಲಿನ ಬಡವರನ್ನು ಪೆಲಾಗ್ರಾ ರೋಗ ಕಾಡಿತು. ಈ ಅಡುಗೆಮನೆಯಲ್ಲಿ ಸುಣ್ಣದ ಹಂಡೆಯಿಲ್ಲ, ಜಾಗವಿಲ್ಲ. ಸುಣ್ಣದಲ್ಲಿ ಬೇಯಿಸಿ ಒಣಗಿಸಿದ ಚೀಲದ ಹಿಟ್ಟನ್ನೇ ಕಲಸುತ್ತಾರೆ. ಸೆನ್ಯೊ ಒಪ್ಪಿಕೊಂಡ ರಾಜಿ ಅದೊಂದೇ. ಹಿಟ್ಟು ಯಂತ್ರದ್ದಾದರೂ ತಟ್ಟುವುದು ಕೈಯೇ ಆಗಬೇಕು.

ಆ ಕೈ ಒಂದು ಚಳಿಗಾಲ ಕೈಕೊಟ್ಟಿತು. ತಟ್ಟುತ್ತಿದ್ದ ಹೆಂಗಸು ಮಂಜುಗಡ್ಡೆಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡರು. ಐದು ವಾರ ಪ್ಯಾಕೆಟ್ಟಿನ ತೊರ್ತಿಯಾ ಬಿಸಿಮಾಡಿ ಕೊಟ್ಟರು. ಯಾರೂ ತಕರಾರು ಎತ್ತಲಿಲ್ಲ. ಮಾಲೀಕರು ನಿಶ್ಚಿಂತರಾದರು, ಅಲ್ಲೇ ಅವರು ಎಡವಿದ್ದು. ಗಿರಾಕಿ ಬಾಯಿಬಿಟ್ಟು ದೂರುವ ಜಾಗವಲ್ಲ ಅದು, ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾರೆ. ಪೆಪಿಯಾನ್ ಸಂಜೆಗೆ ಉಳಿಯತೊಡಗಿತು. ಸಂಜೆ ಆರರ ಹೊತ್ತಿಗೆ ಡಜನ್ ಲೆಕ್ಕದಲ್ಲಿ ಬಿಸಿ ತೊರ್ತಿಯಾ ಒಯ್ಯಲು ಬರುತ್ತಿದ್ದ ಹೆಂಗಸರು ಕಾಣಲಿಲ್ಲ. ಅವರ ಜೊತೆ ಅವರು ಕೊಳ್ಳುತ್ತಿದ್ದ ಮೊಟ್ಟೆ, ಬೀನ್ಸ್, ಈರುಳ್ಳಿ ಕೂಡ. ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಅದು ಸ್ಪಷ್ಟವಾಗಿತ್ತು: ಹಿಂದಿನ ಮೇಜುಗಳಿಗಿಂತ ಮುಂದಿನ ಗಲ್ಲಾ ಹೆಚ್ಚು ಸೊರಗಿತ್ತು. ಆರನೇ ವಾರ ಇಬ್ಬರನ್ನು ಪಾಳಿಯಲ್ಲಿ ಇಟ್ಟುಕೊಂಡು, ಊಟಕ್ಕೆ ಒಂದು ಡಾಲರ್ ಏರಿಸಿದರು. ಅದಕ್ಕೂ ಯಾರೂ ತಕರಾರು ಎತ್ತಲಿಲ್ಲ. ಈ ಸಲ ಜನ ಮರಳಿ ಬಂದರು.

ಇನ್ನೊಂದು ಪ್ರಯತ್ನ 2019ರ ಬೇಸಿಗೆಯದು. ಮಾಲೀಕರ ಮಗ ಕಾಲೇಜಿನಲ್ಲಿ ಬಿಸಿನೆಸ್ ಓದುತ್ತಿದ್ದ. ಬೀದಿಗೆ ಕಾಣುವ ಹಾಗೆ ಮೆಕ್ಸಿಕನ್ ತಿನಿಸುಗಳ ಬೋರ್ಡು ಹಾಕಿಸಿದ: ಬುರ‍್ರಿತೊ, ಟಾಕೊ. ಗ್ವಾಟೆಮಾಲಾದ ಊಟವೆಂದರೆ ಇಲ್ಲಿನವರಿಗೆ ಗೊತ್ತಿಲ್ಲ, ಗೊತ್ತಿರುವುದನ್ನು ತೋರಿಸಿ ಒಳಗೆ ಕರೆಯೋಣ ಎಂಬ ತರ್ಕ. ಉಡುಪಿ ಹೋಟೆಲಿನವರು ಗೋಬಿ ಮಂಚೂರಿ ಇಟ್ಟ ತರ್ಕವೇ, ತಳ್ಳಿಹಾಕುವಂಥದ್ದಲ್ಲ. ಜನ ಬಂದರು ಕೂಡ. ಆದರೆ ಬುರ‍್ರಿತೊಗೆ ಗೋದಿಯ ಅಗಲ ರೊಟ್ಟಿ ಬೇಕು, ಬೇರೆ ಪಲ್ಯಗಳು ಬೇಕು, ಒಬ್ಬೊಬ್ಬರಿಗೂ ನಿಂತು ಕಟ್ಟಿಕೊಡಬೇಕು. ಸೆನ್ಯೊ ಅವರ ಊಟವೋ ಬೆಳಗ್ಗೆಯೇ ಪಾತ್ರೆಯಲ್ಲಿ ಸಿದ್ಧ, ಸೌಟಿನಲ್ಲಿ ಬಡಿಸಿದರೆ ಮುಗಿಯಿತು. ಮಧ್ಯಾಹ್ನದ ಸಾಲು ಬಾಗಿಲವರೆಗೆ ಬಂತು. ಅರ್ಧ ಗಂಟೆಯ ಬಿಡುವಿನಲ್ಲಿ ಬರುವ ಹುಲ್ಲು ಕತ್ತರಿಸುವವರು ಸಾಲು ನೋಡಿ ಟ್ರಕ್ಕು ತಿರುಗಿಸಿದರು. ಹೊಸಬರು ಬುರ‍್ರಿತೊ ಕೈಯಲ್ಲಿ ಹಿಡಿದು ಹೊರಟುಬಿಡುತ್ತಿದ್ದರು, ಒಂದು ನಿಂಬೆಹಣ್ಣೂ ಕೊಳ್ಳದೆ. ಊಟದ ಗಲ್ಲಾ ಏರಿತು, ಅಂಗಡಿಯ ಗಲ್ಲಾ ಇಳಿಯಿತು. ನಾಲ್ಕನೇ ತಿಂಗಳು ಬೋರ್ಡು ಇಳಿಯಿತು. ಹುಡುಗನ ಎಣಿಕೆಯಲ್ಲಿ ತಪ್ಪಿರಲಿಲ್ಲ. ಅವನು ಎಣಿಸಿದ್ದು ತಟ್ಟೆಗಳನ್ನು, ಎಣಿಸಬೇಕಾದದ್ದು ಚೀಲಗಳನ್ನು.

ಕೊರೊನಾ ಬಂದು 2020ರ ಮಾರ್ಚ್ 17ರಿಂದ ರಾಜ್ಯದಲ್ಲಿ ಕೂತು ಉಣ್ಣುವುದು ನಿಂತಿತು. ದಿನಸಿ ಅಂಗಡಿ ಅಗತ್ಯ ಸೇವೆ, ತೆರೆದಿತ್ತು. ಮೇಜಿನ ಮೇಲೆ ಕುರ್ಚಿ ಬೋರಲು ಹಾಕಿ, ಪಾರ್ಸೆಲ್ ಶುರುಮಾಡಿದರು. ವಲಸೆಯ ಕಾಗದಪತ್ರ ಇಲ್ಲದವರಿಗೆ ಆ ವರ್ಷ ಕೇಂದ್ರ ಸರ್ಕಾರದ ಪರಿಹಾರದ ಚೆಕ್ ಬರಲಿಲ್ಲ. ‘ನಾಳೆ ಉದ್ರಿ’ ಬೋರ್ಡಿನ ಕೆಳಗೇ ಒಂದು ನೋಟ್‌ಬುಕ್ ತೆರೆಯಿತು. ಬಹಳಷ್ಟು ಹಣ ಮರಳಿ ಬಂತೆಂದು ಮಾಲೀಕರು ಹೇಳುತ್ತಾರೆ. ಬರದೆ ಉಳಿದದ್ದೆಷ್ಟು ಎಂದು ನಾನು ಕೇಳಿಲ್ಲ.

ಅದೇ ವರ್ಷದ ಒಂದು ಖಾಲಿ ಮಧ್ಯಾಹ್ನ ಸೆನ್ಯೊ, ‘ನಿಮ್ಮೂರಲ್ಲಿ ಏನು ಬೆಳೀತಾರೆ?’ ಎಂದರು. ನಮ್ಮ ರಾಜ್ಯದ ಬೆಟ್ಟಸಾಲಿನಲ್ಲಿ ಏಲಕ್ಕಿ ಎಂದೆ, ಕಾರ್ದಮೋಮೊ. ರೊಟ್ಟಿ ತಟ್ಟುತ್ತಿದ್ದ ಕೈ ನಿಂತಿತು. ಅವರು ಹುಡುಗಿಯಾಗಿದ್ದಾಗ ಏಲಕ್ಕಿ ಬಿಡಿಸುವ ಕೂಲಿ ಮಾಡಿದ್ದರು. 20ನೇ ಶತಮಾನದ ಆರಂಭದಲ್ಲಿ ಜರ್ಮನ್ ಕಾಫಿ ತೋಟಗಾರನೊಬ್ಬ ಇಂಡಿಯಾದಿಂದ ತರಿಸಿ ನೆಟ್ಟ ಬೆಳೆ ಅಲ್ಲಿ ಹಬ್ಬಿ, ಇಂದು ಪ್ರಪಂಚಕ್ಕೆ ಅತಿ ಹೆಚ್ಚು ಏಲಕ್ಕಿ ಮಾರುವ ದೇಶ ಗ್ವಾಟೆಮಾಲಾ. ಏಲಕ್ಕಿ ಗಿಡಕ್ಕೆ ತಗಲುವ ಕಟ್ಟೆ ರೋಗ ಒಂದು ಕಡೆ, ಗ್ವಾಟೆಮಾಲಾದ ಅಗ್ಗದ ಮಾಲು ಇನ್ನೊಂದು ಕಡೆ ಎಂದು ಕೊಡಗು, ಸಕಲೇಶಪುರದ ಬೆಳೆಗಾರರು ಗೊಣಗುವುದನ್ನು ಕೇಳಿದವನು ನಾನು. ಆ ಅಗ್ಗದ ಮಾಲು ಬಿಡಿಸಿದ ಬೆರಳು ಎದುರಿಗಿತ್ತು. ‘ನಿಮ್ಮ ಅಡುಗೆಗೆ ಯಾಕೆ ಹಾಕೋದಿಲ್ಲ?’ ಎಂದೆ. ‘ಅದು ಅರಬರಿಗೆ ಹೋಗತ್ತೆ, ಮಿಹೊ (ಮಗಾ). ನಾವು ತೂಕ ಹಾಕಿ ಕೊಟ್ಟುಬಿಡ್ತಿದ್ವಿ. ಅದನ್ನ ತಿಂತಾರೆ ಅಂತಲೇ ಗೊತ್ತಿರಲಿಲ್ಲ.’ ಮುಂದಿನ ವಾರ ಹೆಂಡತಿ ಮಾಡಿದ ಶಾವಿಗೆ ಪಾಯಸ ಒಯ್ದುಕೊಟ್ಟೆ. ಒಂದು ಚಮಚ ತಿಂದು, ಸಾಬೂನಿನ ರುಚಿ ಎಂದರು.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಕೊರತೆ ಹೇಳದಿದ್ದರೆ ಪ್ರಕರಣ ಪೂರ್ತಿಯಾಗುವುದಿಲ್ಲ. ಇಡೀ ವ್ಯವಸ್ಥೆ ನಿಂತಿರುವುದು ನಸುಕಿನ ನಾಲ್ಕೂವರೆಗೆ ಬಂದು ಒಲೆ ಹಚ್ಚುವ ಒಬ್ಬ ಹೆಂಗಸಿನ ಮೇಲೆ. ರೆಕಾದೊ ಅಳತೆ ಯಾವ ಕಾಗದದಲ್ಲೂ ಇಲ್ಲ. ಅವರಿಗೆ ಸಿಗುವುದು ಸಂಬಳ, ಶನಿವಾರ ಸ್ವಲ್ಪ ಹೆಚ್ಚು. ಅಂಗಡಿಯನ್ನು ಎಳೆಯುವುದು ಅಡುಗೆಮನೆ ಎಂದು ಮಾಲೀಕರೇ ನನಗೆ ಹೇಳಿಕೊಟ್ಟದ್ದು. ಆ ಲೆಕ್ಕವನ್ನು ಅವರು ಸೆನ್ಯೊ ಅವರೆದುರು ಜೋರಾಗಿ ಓದಿದಂತಿಲ್ಲ. ಆದರೆ ಅಷ್ಟು ವರ್ಷ ಗಾಜಿನ ಕಟ್ಟೆಯ ಹಿಂದೆ ನಿಂತು ಶುಕ್ರವಾರದ ಸಾಲು ನೋಡಿದವರಿಗೆ ಓದಿ ಹೇಳಬೇಕಾದ್ದೇನೂ ಇರಲಿಲ್ಲ. ಹಣ ಕಳಿಸಲು ನಿಂತವರು ತಮ್ಮ ಸರದಿ ಬರುವವರೆಗೆ ಹಿಂದಕ್ಕೆ ಬಂದು ಒಂದು ಲೋಟ ಬಿಸಿ ಅತೋಲ್, ಅಂದರೆ ಗೋವಿನಜೋಳದ ಗಂಜಿ, ಕುಡಿಯುತ್ತಾರೆ. ಅತೋಲ್ ಇಲ್ಲದ ಶುಕ್ರವಾರ ಅರ್ಧ ಸಾಲು ಎದುರಿನ ಬೀದಿಯ ಕಿಟಕಿಗೆ ಹೋಗುತ್ತದೆ.

ಈಗ ಪಕ್ಕದ ಕ್ಷೌರದಂಗಡಿ ಖಾಲಿಯಾಗಿದೆ. ಗೋಡೆ ಒಡೆದು ಹನ್ನೆರಡು ಮೇಜು ಹಾಕೋಣ ಎಂದು ಮಾಲೀಕರಿಗೆ ಆಸೆ. ಬೀದಿಗೆ ಸ್ವಂತ ಬಾಗಿಲು, ಬೋರ್ಡು, ಎಲ್ಲ. ಸೆನ್ಯೊ ಎರಡು ಷರತ್ತು ಹಾಕಿದ್ದಾರೆ. ಒಂದು, ಅಡುಗೆಮನೆಯಲ್ಲಿ ತನಗೆ ಪಾಲು, ಕಾಗದದ ಮೇಲೆ. ಎರಡು, ಬೀದಿಯ ಬಾಗಿಲು ಬೇಡ. ಉಣ್ಣುವವರು ಈಗ ಬರುವ ಹಾಗೆಯೇ ಈರುಳ್ಳಿ, ಸೀಮೆಬದನೆ, ಮಾಂಸದ ಕೌಂಟರು ದಾಟಿ ಬರಲಿ. ಮೊದಲನೆಯದಕ್ಕೆ ಮಾಲೀಕರು ಹೂಂ ಎಂದಿದ್ದಾರಂತೆ. ಎರಡನೆಯದಕ್ಕೆ ಮಗ ಒಪ್ಪುತ್ತಿಲ್ಲ. ಕಳೆದ ಗುರುವಾರ ಹೋದಾಗ ಪಾಚೆ ಹನ್ನೊಂದೂವರೆಗೇ ಮುಗಿದಿತ್ತು, ಬಾಡಿಗೆ ಕರಾರಿನ ಹಾಳೆ ಗಲ್ಲಾದ ಮೇಲೆ ಅವಕಾಡೊ ಕೆಳಗೆ ಸಹಿಯಿಲ್ಲದೆ ಬಿದ್ದಿತ್ತು.